ಮರಿಯ ರೆಕ್ಕೆ ನೋಡಿ ನಾನು ಕೊಟ್ಟ ಮಾತು

ಪುಣೆ–ಸೋಲಾಪುರ ರಸ್ತೆಯ ಉರುಳಿ ಕಾಂಚನ್ ಹತ್ತಿರ ಕೋಳಿ ಮರಿ ಮಾಡಿ ಮಾರುವ ಒಂದು ಸಣ್ಣ ಹ್ಯಾಚರಿಯಲ್ಲಿ ನನ್ನ ಕೆಲಸ. ಊರು ಇಂಡಿ. ಮರಿ ಒಯ್ಯಲು ಬರುವವರಲ್ಲಿ ನಮ್ಮ ಕಡೆಯವರು ಬಹಳ. ತೋಟ ಕಾಯುವವರು, ಇಟ್ಟಿಗೆ ಭಟ್ಟಿಯವರು. ಮನೆ ಹಿಂದೆ ಹತ್ತು ಕೋಳಿ ಇದ್ದರೆ ಸಂತೆಯ ಖರ್ಚಿಗೆ ತತ್ತಿ ದುಡ್ಡು ಆಸರೆಯಾಗುತ್ತದೆ.

ನಾನು ಸೇರಿದ ಮೊದಲ ವರ್ಷ. ಅಫಜಲಪುರ ಕಡೆಯ ಒಬ್ಬ ಅಕ್ಕ ಬಂದರು. "ಗಾವರಾನ್ ಮರಿ ಹನ್ನೆರಡು ಕೊಡಪಾ ತಮ್ಮಾ. ಎಲ್ಲಾ ಹ್ಯಾಟೀನ ಇರಬೇಕು ನೋಡು" ಅಂದರು. ಗಾವರಾನ್ ಅಂದರೆ ಜವಾರಿ, ನಾಟಿ ಕೋಳಿ; ಹ್ಯಾಟೆ ಅಂದರೆ ಹೆಣ್ಣು ಕೋಳಿ. ತತ್ತಿಗಾಗಿಯೇ ಸಾಕುವ ಲೇಯರ್ ತಳಿಯ ಮರಿಗಳ ರೆಕ್ಕೆ ನೋಡಿ ಹೆಣ್ಣು ಗಂಡು ಬೇರೆ ಮಾಡುವುದನ್ನು ನಾನು ಆಗಷ್ಟೇ ಕಲಿತಿದ್ದೆ. ಒಂದೊಂದರ ರೆಕ್ಕೆ ಬಿಡಿಸಿ, ಉದ್ದ ಗರಿ ಇದ್ದವನ್ನೇ ಆರಿಸಿದೆ. "ಎಲ್ಲಾ ಹೆಣ್ಣೇ ಅಕ್ಕಾರ" ಅಂತ ಮಾತೂ ಕೊಟ್ಟೆ.

ಮೂರು ತಿಂಗಳ ಮೇಲೆ ಅವರು ಮತ್ತೆ ಬಂದರು. ಹನ್ನೆರಡರಲ್ಲಿ ಏಳು ಹುಂಜ! ಜಗಳ ಮಾಡಲಿಲ್ಲ. "ಕಾಳಿಗೆ ಸಾಲಾ ಮಾಡೀನೋ ತಮ್ಮಾ" ಅಂದರು, ಅಷ್ಟೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮುಂದಿನ ಪಗಾರದಲ್ಲಿ ಬೆಳೆದ ಹ್ಯಾಟೆ ಐದು ಕೊಂಡು ಅವರ ಮನೆಗೆ ಕೊಟ್ಟು ಬಂದೆ.

ರೆಕ್ಕೆ ನೋಡುವ ವಿದ್ಯೆ ಸುಳ್ಳಲ್ಲ. ಆದರೆ ಎಲ್ಲ ಮರಿಗೂ ಅದು ನಡೆಯುವುದಿಲ್ಲ. ಗರಿ ತಡವಾಗಿ ಬರುವ ಗುಣ ತಾಯಿಯಲ್ಲಿದ್ದರೆ ಅದು ಗಂಡು ಮರಿಗೆ ಮಾತ್ರ ಇಳಿಯುತ್ತದೆ. ಅದಕ್ಕೇ ಕೆಲವು ತಳಿಗಳಲ್ಲಿ ಗರಿ ಬೇಗ ಬರುವ ಹುಂಜಕ್ಕೆ ತಡವಾಗಿ ಬರುವ ಹ್ಯಾಟೆಯನ್ನು ಬೇಕಂತಲೇ ಜೋಡಿ ಮಾಡುತ್ತಾರೆ. ಆಗ ಹುಟ್ಟಿದ ದಿನವೇ ಹೆಣ್ಣು ಮರಿಯ ರೆಕ್ಕೆಯಲ್ಲಿ ಕೆಳಸಾಲಿನ ಗರಿ ಮೇಲುಸಾಲಿಗಿಂತ ಉದ್ದ ಕಾಣುತ್ತದೆ. ಗಂಡಿಗೆ ಎರಡೂ ಸಾಲು ಹೆಚ್ಚುಕಡಿಮೆ ಸಮ. ಅದೂ ಎರಡು ಮೂರು ದಿನ ಮಾತ್ರ. ಗಾವರಾನ್ ಕೋಳಿಗೆ ಅಂಥ ಜೋಡಿ ಯಾರು ಮಾಡಿರುತ್ತಾರೆ? ಅಂಗಳದಲ್ಲಿ ಯಾವ ಹುಂಜವೋ, ಯಾವ ಹ್ಯಾಟೆಯೋ.

ಇನ್ನೊಂದು ದಾರಿ ಜಪಾನಿನವರು 1920ರ ದಶಕದಲ್ಲಿ ಕಂಡುಕೊಂಡದ್ದು. ಮರಿಯ ಹಿಂಭಾಗ ಒತ್ತಿ ಒಳಗಿನ ಸಣ್ಣ ಗುಬುಟು ನೋಡುವುದು. ವರ್ಷಗಟ್ಟಲೆ ಕಲಿತವರ ಕೈಗೆ ಮಾತ್ರ ಅದು ಒಲಿಯುತ್ತದೆ. ಮನೆಯಲ್ಲಿ ದಯವಿಟ್ಟು ಮಾಡಬೇಡಿ, ತಪ್ಪಿ ಒತ್ತಿದರೆ ಮರಿ ಸಾಯಬಹುದು.

ಹಿತ್ತಲಲ್ಲಿ ಸಾಕುವವರಿಗೆ ನನ್ನ ಮಾತು ಇಷ್ಟೇ. ಅರ್ಧ ಹುಂಜ ಬರುತ್ತವೆ ಅಂತಲೇ ಲೆಕ್ಕ ಹಾಕಿ. ಆರೆಂಟು ವಾರಕ್ಕೆ ಗಂಡು ಮರಿಯ ಜುಟ್ಟು ಕೆಂಪಾಗಿ ದಪ್ಪಗಾಗುತ್ತದೆ, ಕಾಲೂ ದಪ್ಪ. ಆದರೂ ಜುಟ್ಟನ್ನೇ ನಂಬಿ ಮಾರಬೇಡಿ. ಹತ್ತು ಹನ್ನೆರಡು ವಾರಕ್ಕೆ ಬಾಲದ ಬುಡದಲ್ಲಿ, ಬೆನ್ನ ಮೇಲೆ ಬರುವ ಗರಿ ನೋಡಿ. ಚೂಪಾಗಿ ಹೊಳೆಯುತ್ತಿದ್ದರೆ ಹುಂಜ, ತುದಿ ದುಂಡಗಿದ್ದರೆ ಹ್ಯಾಟೆ. ನಾನು ಜಾಸ್ತಿ ನಂಬುವ ಗುರುತು ಇದೇ.

ಚೂಪು ತತ್ತಿಯಲ್ಲಿ ಗಂಡು, ದುಂಡು ತತ್ತಿಯಲ್ಲಿ ಹೆಣ್ಣು ಅಂತ ಇಲ್ಲೂ ನಂಬುತ್ತಾರೆ, ನಮ್ಮೂರಲ್ಲೂ ನಂಬುತ್ತಾರೆ. ಅದು ನಿಜವಲ್ಲ. ಬರೀ ಗಂಡು ಬಂತು ಅಂತ ಹುಂಜವನ್ನು ದೂರುವುದೂ ತಪ್ಪು. ಕೋಳಿಗಳಲ್ಲಿ ಮರಿ ಹೆಣ್ಣೋ ಗಂಡೋ ಅನ್ನುವುದು ತಾಯಿಯ ಕಡೆಯಿಂದ ತೀರ್ಮಾನವಾಗುತ್ತದೆ.

ಮರಿ ಮಾಡಿಸುವುದಾದರೆ ಎಂಟು ಹತ್ತು ಹ್ಯಾಟೆಗೆ ಒಂದು ಹುಂಜ ಸಾಕು. ಅದೇ ಮನೆಯ ಅಣ್ಣ ತಂಗಿಯನ್ನು ಜೋಡಿ ಮಾಡಬೇಡಿ, ಹುಂಜವನ್ನು ಬೇರೆ ಊರಿಂದ ತನ್ನಿ. ಕಾವಿಗೆ ಇಡುವ ತತ್ತಿ ಒಂದು ವಾರದ ಒಳಗಿನದಿರಲಿ. ಗಿರಿರಾಜ ಸಾಕಿದವರು ಅದರ ತತ್ತಿಯನ್ನೇ ಕಾವಿಗೆ ಇಡಬಹುದಾ ಅಂತ ಕೇಳುತ್ತಾರೆ. ಬೆಂಗಳೂರಿನಲ್ಲಿ ಬೇರೆ ಬೇರೆ ತಳಿ ಕೂಡಿಸಿ ಮಾಡಿದ ಕೋಳಿ ಅದು. ಅದರ ಮರಿಗಳಲ್ಲಿ ಆ ತೂಕ, ಆ ತತ್ತಿ ಉಳಿಯುವುದಿಲ್ಲ. ಪ್ರತಿ ಸಲ ಹೊಸ ಮರಿಯನ್ನೇ ತರಬೇಕು.

ಈಗ ಗಾವರಾನ್ ಮರಿ ಕೊಡುವಾಗ ಬಿಲ್ ಮೇಲೆ "ಹೆಣ್ಣು ಗಂಡು ಆರಿಸಿಲ್ಲ" ಅಂತ ನಾನೇ ಬರೆಯುತ್ತೇನೆ, ಓದಿಯೂ ಹೇಳುತ್ತೇನೆ. ಮೊನ್ನೆ ಆ ಅಕ್ಕ ಫೋನ್ ಮಾಡಿದ್ದರು. ಹನ್ನೊಂದು ತತ್ತಿಗೆ ಹ್ಯಾಟೆ ಕಾವು ಕೂತಿತ್ತು, ಇಪ್ಪತ್ತೊಂದನೇ ದಿನ ಒಂಬತ್ತು ಮರಿ ಎದ್ದಿವೆಯಂತೆ. "ಹ್ಯಾಟಿ ಎಷ್ಟದಾವ ತಮ್ಮಾ?" ಅಂತ ಕೇಳಿದರು.

"ಹತ್ತು ವಾರ ಬಿಟ್ಟು ಬರ್ತೀನಿ ಅಕ್ಕಾರ, ಇಬ್ಬರೂ ಕೂಡಿ ಬೆನ್ನಿನ ಗರಿ ನೋಡೋಣ" ಅಂದೆ.