ಸಿಯೋಲ್‌ನಲ್ಲಿ ಆಲ್ಬಂ ಬಿಡುಗಡೆಯ ವಾರ

ಇಂಚಾನ್ ವಿಮಾನ ನಿಲ್ದಾಣದಿಂದ ಏರ್‌ಪೋರ್ಟ್ ರೈಲು ಹಿಡಿದರೆ ಒಂದು ಗಂಟೆಯೊಳಗೆ ಹೊಂಗಿಕ್ ಯೂನಿವರ್ಸಿಟಿ ಸ್ಟೇಷನ್. ಅಲ್ಲಿಂದಲೇ ಕೆ-ಪಾಪ್, ಅಂದರೆ ಕೊರಿಯಾದ ಪಾಪ್ ಸಂಗೀತದ ಲೋಕ ಶುರು. ಗೋಡೆಯ ಮೇಲೆ ಗಾಯಕರ ಹುಟ್ಟುಹಬ್ಬದ ಜಾಹೀರಾತುಗಳಿರುತ್ತವೆ. ಹೆಚ್ಚಿನವು ಅಭಿಮಾನಿಗಳು ಚಂದಾ ಎತ್ತಿ ಹಾಕಿಸಿದವು. ಫೋನಿನಲ್ಲಿ ಕೊರಿಯಾದ್ದೇ ಆದ ನಕ್ಷೆಯ ಆ್ಯಪ್ ನೇವರ್ ಮ್ಯಾಪ್ ಹಾಕಿಕೊಂಡಿರಿ. ಗೂಗಲ್ ಮ್ಯಾಪ್ ನಂಬಿದರೆ ಗಲ್ಲಿಗಳಲ್ಲಿ ದಾರಿ ತಪ್ಪುವುದು ಖಂಡಿತ.

ಹೊಸ ಆಲ್ಬಂ ಸಾಮಾನ್ಯವಾಗಿ ಸಂಜೆ 6ಕ್ಕೆ ಬಿಡುಗಡೆಯಾಗುತ್ತದೆ. ಮುಂದಿನ 7 ದಿನಗಳ ಮಾರಾಟಕ್ಕೆ ಇಲ್ಲಿ 'ಚೋಡಾಂಗ್' ಎನ್ನುತ್ತಾರೆ. ಗಾಯಕರ ತಂಡದ ಜನಪ್ರಿಯತೆ ಅಳೆಯುವುದೇ ಇದರಿಂದ. ಆ ವಾರ ಹೊಂಗಿಕ್ ಸ್ಟೇಷನ್ ಸುತ್ತಲಿನ ಹೊಂಗ್ದೆ, ನಗರದ ಇನ್ನೊಂದು ಪೇಟೆ ಮ್ಯೊಂಗ್‌ಡಾಂಗ್‌ನ ಆಲ್ಬಂ ಅಂಗಡಿಗಳಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ನಿಮ್ಮ ಖರೀದಿಯೂ ಲೆಕ್ಕಕ್ಕೆ ಬರಬೇಕೆಂದರೆ ಆಲ್ಬಂ ಮಾರಾಟ ಎಣಿಸುವ ಹಾಂಟಿಯೋ ಚಾರ್ಟ್‌ಗೆ ಸೇರಿದ ಅಂಗಡಿಯೇ ಎಂದು ಮೊದಲು ನೋಡಿಕೊಳ್ಳಿ.

ಪೆಟ್ಟಿಗೆಯೊಳಗೆ ಸಿಡಿ, ಫೋಟೋ ಪುಸ್ತಕ, ಜೊತೆಗೆ ಗಾಯಕರ ಚಿತ್ರವಿರುವ 5.5 × 8.5 ಸೆಂ.ಮೀ. ಅಳತೆಯ ಫೋಟೋಕಾರ್ಡ್. ಯಾರ ಕಾರ್ಡ್ ಎಂಬುದು ಬಿಚ್ಚಿದ ಮೇಲೆಯೇ ಗೊತ್ತಾಗುವುದು. ಒಬ್ಬರೇ ಹತ್ತಾರು ಪ್ರತಿ ಕೊಳ್ಳಲು ಇದೊಂದು ಕಾರಣ, ಇನ್ನೊಂದು ಫ್ಯಾನ್‌ಸೈನ್, ಅಂದರೆ ಅಭಿಮಾನಿಗಳಿಗೆ ಗಾಯಕರು ಸಹಿ ಹಾಕಿಕೊಡುವ ಕಾರ್ಯಕ್ರಮ. ಗೊತ್ತುಪಡಿಸಿದ ಅಂಗಡಿಯಲ್ಲಿ, ಗೊತ್ತುಪಡಿಸಿದ ಅವಧಿಯಲ್ಲಿ ಕೊಂಡ ಪ್ರತಿ ಆಲ್ಬಂಗೂ ಲಾಟರಿಯ ಒಂದು ಚೀಟಿ. ಗೆದ್ದವರಿಗೆ ಮೇಜಿನ ಆಚೆ ಕೂತ ಗಾಯಕರೊಡನೆ ಒಂದೆರಡು ನಿಮಿಷದ ಮಾತು, ಸಹಿ. ಅರ್ಜಿಯಲ್ಲಿ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಹೆಸರು ಬರೆಯಿರಿ; ಒಂದಕ್ಷರ ತಪ್ಪಿದರೂ ಬಾಗಿಲಲ್ಲೇ ತಡೆಯಬಹುದು. ಇದನ್ನೇ ನೆಚ್ಚಿಕೊಂಡು ವಿಮಾನದ ಟಿಕೆಟ್ ಮಾಡಿಸಬೇಡಿ. ನೂರು ಕೊಂಡವರೂ ಬರಿಗೈಲಿ ಹಿಂದಿರುಗಬಹುದು. ಕಾರ್ಡ್ ಮಾತ್ರ ತೆಗೆದುಕೊಂಡು ಉಳಿದದ್ದನ್ನು ಅಂಗಡಿಯಲ್ಲೇ ಬಿಟ್ಟುಹೋಗುವವರಿದ್ದಾರೆ. ಅಷ್ಟು ಕಾಗದ, ಪ್ಲಾಸ್ಟಿಕ್ ಹೀಗೆ ಹಾಳಾಗುವುದು ನಿಜಕ್ಕೂ ಬೇಸರದ ಸಂಗತಿ.

ಗುರುವಾರ ಎಂನೆಟ್, ಶುಕ್ರವಾರ ಕೆಬಿಎಸ್, ಶನಿವಾರ ಎಂಬಿಸಿ, ಭಾನುವಾರ ಎಸ್‌ಬಿಎಸ್: ಟಿವಿಯ ಸಂಗೀತ ಕಾರ್ಯಕ್ರಮಗಳ ಸರದಿ ಇದು. ಇವುಗಳ ಮುಂಗಡ ಚಿತ್ರೀಕರಣ ಎಷ್ಟೋ ಸಲ ನಸುಕಿನಲ್ಲೇ ನಡೆಯುತ್ತದೆ. ಒಳಗೆ ಬಿಡುವುದು ಬಹುತೇಕ ಫ್ಯಾನ್‌ಕ್ಲಬ್ ಸದಸ್ಯರನ್ನು. ಸದಸ್ಯತ್ವದ ದಾಖಲೆ, ಹೊಸ ಆಲ್ಬಂ, ಹಾಡು ಕೊಂಡ ರಸೀದಿ, ಪಾಸ್‌ಪೋರ್ಟ್ ಕೇಳುತ್ತಾರೆ. ಪಾಸ್‌ಪೋರ್ಟ್‌ನ ಫೋಟೋ ತೋರಿಸಿದರೆ ನಡೆಯದು. ಸರದಿ ಸಂಖ್ಯೆ ಕೊಟ್ಟ ಮೇಲೆ ಹೆಸರು ಕೂಗುವಾಗ ಅಲ್ಲಿಲ್ಲದಿದ್ದರೆ ಸಾಲಿನ ಕೊನೆಗೆ ಹೋಗಬೇಕಾದೀತು.

ಇಷ್ಟೆಲ್ಲ ಆಗದವರು ಶುಕ್ರವಾರ ಬೆಳಗ್ಗೆ ಸಿಯೋಲ್‌ನ ಯೊಯಿಡೊ ಪ್ರದೇಶದ ಕೆಬಿಎಸ್ ಬಳಿ ಹೋಗಿ ಚಿತ್ರೀಕರಣಕ್ಕೆ ಬರುವ ತಂಡಗಳನ್ನು ನೋಡಬಹುದು. ಮೆಟ್ರೊ 9ನೇ ಮಾರ್ಗದ ನ್ಯಾಷನಲ್ ಅಸೆಂಬ್ಲಿ ಸ್ಟೇಷನ್‌ನಿಂದ ನಡೆದೇ ತಲುಪುವ ದೂರ. ಛಾಯಾಗ್ರಾಹಕರು ಪುಟ್ಟ ಏಣಿಗಳ ಮೇಲೆ ಹತ್ತಿ ನಿಂತಿರುತ್ತಾರೆ. ಕಾರಿನಿಂದಿಳಿದ ತಂಡ ಸಾಲಾಗಿ ನಿಂತು, ಬಾಗಿ ನಮಸ್ಕರಿಸಿ, ಕೈಬೀಸಿ ಒಳಗೆ ಹೋಗುತ್ತದೆ. ಏಣಿಗಳ ಹಿಂದೆ ನಿಂತರೆ ಏನೂ ಕಾಣದು. ಪಕ್ಕಕ್ಕೆ ನಿಲ್ಲಿ, ಬೇಲಿ ದಾಟಬೇಡಿ.