ಹಳೇ ಹೊಳೆಯ ಗುರುತು

ಅಪ್ಪ ಊರಿಂದ ಬಂದಿದ್ದರು. ಬಾಗಲಕೋಟೆ ಕಡೆ ಸರ್ವೇಯರ್ ಆಗಿ ನಿವೃತ್ತರಾದವರು. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಲಿದ್ದ ಹೊಲಗಳನ್ನು ಕೊನೆಯ ಸಲ ಅಳೆದವರಲ್ಲಿ ಅವರೂ ಒಬ್ಬರು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಅವರಿಗೆ ಏನು ತೋರಿಸಿದರೆ ಖುಷಿಯಾದೀತು ಅಂತ ಯೋಚಿಸಿ, ಹಳೆಯ ಪುಸ್ತಕಗಳ ಒಂದು ಲೈಬ್ರರಿಗೆ ಕರೆದುಕೊಂಡು ಹೋದೆ.

ನಾನು ಮೊದಲೇ ಕೇಳಿಟ್ಟಿದ್ದ ಪುಸ್ತಕ ಮೆತ್ತನೆಯ ದಿಂಬಿನ ಮೇಲೆ ಮಲಗಿತ್ತು. ಸ್ಯಾಮ್ಯುಯೆಲ್ ಕಮಿಂಗ್ಸ್ ಅವರ ‘ದಿ ವೆಸ್ಟರ್ನ್ ಪೈಲಟ್’. ಇದು ಸಿನ್ಸಿನಾಟಿಯಲ್ಲಿ 1825ರಲ್ಲಿ ಬಂತು, ಆಮೇಲೆ ಮತ್ತೆ ಮತ್ತೆ ಅಚ್ಚಾಯಿತು. ಓಹಾಯೋ ನದಿ, ಮತ್ತೆ ಮಿಸೌರಿ ನದಿ ಬಂದು ಸೇರುವಲ್ಲಿಂದ ಸಮುದ್ರದವರೆಗಿನ ಮಿಸಿಸಿಪ್ಪಿ, ಎರಡನ್ನೂ ತುಂಡು ತುಂಡಾಗಿ ಬರೆದಿದ್ದಾರೆ. ನಕ್ಷೆಯ ಜೊತೆಗೆ ದೋಣಿ ನಡೆಸುವವರಿಗೆ ಸೂಚನೆ: ಎಲ್ಲಿ ಯಾವ ದಡ ಹಿಡಿಯಬೇಕು, ದ್ವೀಪ ಬಂದರೆ ಯಾವ ಪಕ್ಕದಿಂದ ಹೋಗಬೇಕು. ದ್ವೀಪಗಳಿಗೆ ನಂಬರ್ ಕೂಡ ಇದೆ.

ಅಪ್ಪ ಕನ್ನಡಕ ಹಣೆಗೇರಿಸಿ ಪುಟಕ್ಕೆ ಬಾಗಿದರು. ಬಹಳ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು, “ಬಾಂದ್ ಕಲ್ಲ ಎಲ್ಲೆವ ಇದರಾಗ?”

ಹೊಲಕ್ಕಾದರೆ ಗಡಿ ಗುರುತಿಗೆ ಕಲ್ಲು ನೆಡಬಹುದು. ಇಲ್ಲಿ ದಡವೇ ಕುಸಿಯುತ್ತದೆ, ಮರಳು ದಿಬ್ಬ ಎದ್ದು ಮಾಯವಾಗುತ್ತದೆ. ಅದಕ್ಕೇ ಈ ಪುಸ್ತಕವನ್ನು ತಿದ್ದಿ ತಿದ್ದಿ ಅಚ್ಚು ಹಾಕಬೇಕಾಯಿತು ಅಂದೆ. ಅಪ್ಪ ತಲೆಯಾಡಿಸಿದರು. ಅಳೆದದ್ದು ಕಣ್ಣೆದುರೇ ಬದಲಾಗುವ ಸಂಕಟ ಅವರಿಗೆ ನನಗಿಂತ ಜಾಸ್ತಿ ಗೊತ್ತು.

ಒಂದು ಪುಟದಲ್ಲಿ ಪೂರ್ವ ದಡಕ್ಕೆ ಕಸ್ಕಾಸ್ಕಿಯಾ ನದಿ ಬಂದು ಸೇರಿತ್ತು. ಅದೇ ಹೆಸರಿನ ಊರು 1818ರಲ್ಲಿ ಇಲಿನಾಯ್ಸ್ ರಾಜ್ಯದ ಮೊದಲ ರಾಜಧಾನಿಯಾಗಿತ್ತು. “ನೋಡೂಣ ನಡಿ” ಅಂದರು ಅಪ್ಪ.

ಮರುದಿನ ಹೊರಟೆವು. ಮಿಸಿಸಿಪ್ಪಿಯ ಪಶ್ಚಿಮಕ್ಕಿರುವ ಮಿಸೌರಿ ರಾಜ್ಯದ ಕಡೆಯ ದಾರಿಯಲ್ಲೇ ಹೋಗು ಎಂದಿತು ಫೋನು. ಊರು ಇಲಿನಾಯ್ಸ್‌ನದು, ಪುಸ್ತಕದಲ್ಲೂ ಪೂರ್ವಕ್ಕೇ ಇದೆ. ಫೋನಿನದೇ ತಪ್ಪು ಅಂದುಕೊಂಡು ಸೇತುವೆ ದಾಟಿ ಇಲಿನಾಯ್ಸ್ ಕಡೆ ಇಳಿದೆ. ಕೊನೆಗೆ ತಲುಪಿದ್ದು ಫೋರ್ಟ್ ಕಸ್ಕಾಸ್ಕಿಯಾ ಗುಡ್ಡ. ಕೆಳಗೆ ಊರಿಲ್ಲ. ಅಗಲವಾದ, ಮಣ್ಣಿನ ಬಣ್ಣದ ಮಿಸಿಸಿಪ್ಪಿ ಹರಿಯುತ್ತಿತ್ತು.

1881ರ ಪ್ರವಾಹದಲ್ಲಿ ಮಿಸಿಸಿಪ್ಪಿ ನಡುವಿನ ನೆಲ ಕೊರೆದು ಕಸ್ಕಾಸ್ಕಿಯಾ ನದಿಯ ಪಾತ್ರಕ್ಕೆ ನುಗ್ಗಿತ್ತು. ಮುಂದೆ ಅದೇ ಅದರ ದಾರಿಯಾಯಿತು. ಹಳೆಯ ಊರು ನೀರುಪಾಲಾಯಿತು. ಉಳಿದ ನೆಲ ನದಿಯ ಪಶ್ಚಿಮಕ್ಕೆ ಬಿತ್ತು. ಸ್ಟೀಮ್‌ಬೋಟ್‌ಗಳ ಉರುವಲಿಗೆ ದಡದ ಕಾಡು ಕಡಿದದ್ದೂ ಇದಕ್ಕೆ ಕಾರಣ ಎನ್ನುತ್ತಾರೆ. ಅದನ್ನು ಕೇಳಿ ನನಗೆ ಬಹಳ ಬೇಸರವಾಯಿತು.

“ನಕ್ಷಾದಾಗೇನ್ ತಪ್ಪಿಲ್ಲ ನೋಡವಾ” ಅಂದರು ಅಪ್ಪ. “ಹೊಳೀನ ಹೊಳ್ಳೇತಿ.”

ಕೆಳಗೆ ಚೆಸ್ಟರ್‌ನಲ್ಲಿ ನದಿ ದಾಟಿ, ಸುತ್ತು ಹಾಕಿ ಮಿಸೌರಿಯ ಸೇಂಟ್ ಮೇರಿ ಊರಿಗೆ ಬಂದೆವು. ಅಲ್ಲೊಂದು ಚಿಕ್ಕ ಸೇತುವೆ. ಕೆಳಗೆ ಹಳೆಯ ಪಾತ್ರ, ಹೂಳು, ಗಿಡಗಂಟಿ. ಆಚೆ ಮತ್ತೆ ಇಲಿನಾಯ್ಸ್! ಕಾನೂನಿನಲ್ಲಿ ಹಾಗೇ ಇದೆಯಂತೆ. ನದಿ ಒಮ್ಮೆಲೇ ಹಾರಿ ದಾರಿ ಬದಲಿಸಿದರೆ ಗಡಿ ಅದರ ಹಿಂದೆ ಹೋಗುವುದಿಲ್ಲ, ಹಳೆಯ ಪಾತ್ರದಲ್ಲೇ ಉಳಿಯುತ್ತದೆ. ಕಮಿಂಗ್ಸ್ ಬರೆದ ಆ ತಿರುವಿನಲ್ಲಿ ಈಗ ದೋಣಿ ಹೋಗುವುದಿಲ್ಲ. ಆದರೆ ಎರಡು ರಾಜ್ಯಗಳ ನಡುವಿನ ಗಡಿ ಇವತ್ತಿಗೂ ಇರುವುದು ಅದೇ ಹಳೆಯ ಪಾತ್ರದಲ್ಲಿ.

ಇದನ್ನು ಹೇಳಿದಾಗ ಅಪ್ಪನ ಮುಖ ಅರಳಿದ್ದು ನೋಡಬೇಕಿತ್ತು. “ಹಂಗಾರ ಇದ ಬಾಂದು” ಅಂದರು. ಕಾರು ನಿಲ್ಲಿಸು ಅಂದರು. ಇಳಿದು, ಕೈ ಹಿಂದೆ ಕಟ್ಟಿಕೊಂಡು, ಸೇತುವೆಯ ಈ ತುದಿಯಿಂದ ಹೆಜ್ಜೆ ಎಣಿಸುತ್ತಾ ನಡೆಯತೊಡಗಿದರು. ಲೆಕ್ಕ ತಪ್ಪದಿರಲಿ ಅಂತ ನಾನು ಕಾರಿನ ರೇಡಿಯೋ ಆರಿಸಿ, ನಿಧಾನಕ್ಕೆ ಅವರ ಹಿಂದೆಯೇ ಹೋದೆ.