ಚೆಂಡು ಹಿಡಿದರೆ ಅಂಕ, ಅನ್ನ ಕಲಸಿದರೆ?

ನಾನು ಫಿಸಿಯೋಥೆರಪಿಸ್ಟ್. ಎರಡು ವರ್ಷ ಒಂದು ಸಂಶೋಧನೆಗಾಗಿ ಬೆಂಗಳೂರಿನ ಮನೆಮನೆ ತಿರುಗಿದೆ. ಸ್ಟ್ರೋಕ್ ಆದವರ ಕೈ ಎಷ್ಟು ಸುಧಾರಿಸಿದೆ ಅಂತ ಫ್ಯೂಗ್ಲ್-ಮೇಯರ್ ಪರೀಕ್ಷೆಯಲ್ಲಿ ಅಂಕ ಹಾಕುವ ಕೆಲಸ. ಕೈಗೆ ಒಟ್ಟು 66 ಅಂಕ. ಭುಜ ಎತ್ತಿಸಿ, ಮಣಿಕಟ್ಟು ಆಡಿಸಿ, ಕಾಗದ, ಪೆನ್ಸಿಲ್, ಡಬ್ಬಿ, ಟೆನಿಸ್ ಚೆಂಡು ಹಿಡಿಸಿ ನೋಡಬೇಕು.

ಶ್ರೀನಗರದ ಒಂದು ಮನೆಯಲ್ಲಿ ಯಜಮಾನರು ನಿವೃತ್ತ ಬಸ್ ಕಂಡಕ್ಟರ್. ಬಲಭಾಗಕ್ಕೆ ಲಕ್ವ ಹೊಡೆದಿತ್ತು. ಮೊದಲ ಸಲ 31 ಬಂದಿದ್ದು ಮೂರು ತಿಂಗಳಿಗೆ 40 ಆಯಿತು. ನನಗೋ ಖುಷಿ. “ಒಂಬತ್ತು ಜಾಸ್ತಿ ಬಂದಿದೆ ಸಾರ್” ಅಂದೆ.

ಅವರು ಕೈ ನೋಡಿಕೊಂಡು, “ಅನ್ನ ಕಲಸೋಕೆ ಬರಲ್ವಲ್ಲಮ್ಮ” ಅಂದರು.

ತಂಗಿ ಮಗಳ ಮದುವೆಯಲ್ಲಿ ಅಕ್ಷತೆ ಹಾಕಿ ಊಟಕ್ಕೆ ಕೂರದೆ ಬಂದುಬಿಟ್ಟಿದ್ದರಂತೆ. ಪಂಕ್ತಿಯಲ್ಲಿ ಎಲೆ ಮುಂದೆ ಎಡಗೈಯಲ್ಲಿ ಉಣ್ಣೋದು ಹೇಗೆ? ಸ್ಪೂನ್ ಕೇಳಿದರೆ ಪಕ್ಕದವರಿಗೆ ಪೂರ್ತಿ ಕತೆ ಹೇಳಬೇಕು. ಆಮೇಲೆ ಯಾವ ಸಮಾರಂಭಕ್ಕೂ ಹೋಗಿಲ್ಲ.

ಸಾರನ್ನ ಕಲಸಿ ತುತ್ತು ಕಟ್ಟೋದು ನಾವಂದುಕೊಂಡಷ್ಟು ಸುಲಭದ್ದಲ್ಲ. ಬೆರಳೆಲ್ಲ ಒಟ್ಟಾಗಿ ಅನ್ನ ಬಳಿಯಬೇಕು, ಬಾಯಿ ಹತ್ತಿರ ಮಣಿಕಟ್ಟು ಹೊರಳಬೇಕು, ಹೆಬ್ಬೆರಳು ಒಳಕ್ಕೆ ತಳ್ಳಬೇಕು. ಬೆರಳಿನ ಸ್ಪರ್ಶ ಮಂಕಾಗಿದ್ದರೆ ತುತ್ತು ದಾರಿಯಲ್ಲೇ ಉದುರುತ್ತೆ. ನನ್ನ ಫಾರಂನಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಪರೀಕ್ಷೆಯನ್ನು ದೂರಿ ಫಲವಿಲ್ಲ. 1975ರಲ್ಲಿ ಸ್ವೀಡನ್ನಿನಲ್ಲಿ ರೂಪಿಸಿದ್ದು, ಚಲನೆ ಎಷ್ಟು ಮರಳಿದೆ ಅಂತ ಅಳೆಯಲು. ನಿಮಗೇನು ಬೇಕು ಅಂತ ಮೊದಲೇ ಕೇಳದೆ ಇದ್ದದ್ದು ನಾವು.

ಅವರ ಹೆಂಡತಿಯನ್ನಂತೂ ನಾನು ಕೇಳಿರಲೇ ಇಲ್ಲ. ಕಾಫಿ ಕೊಡುತ್ತಾ ಅವರೇ ಶುರು ಮಾಡಿದರು: “ರಾತ್ರಿ ಮೂರು ಸಲ ಇವರನ್ನ ಎಬ್ಬಿಸಿ ಬಾತ್‌ರೂಮಿಗೆ ಕರ್ಕೊಂಡು ಹೋಗ್ತೀನಿ ಮೇಡಂ. ನನ್ನ ಸೊಂಟ ಹೋಯ್ತು. ಇದರ ಬಗ್ಗೆ ಯಾರೂ ರಿಸರ್ಚ್ ಮಾಡಲ್ವಾ?”

ಭಾರತದ 14 ಆಸ್ಪತ್ರೆಗಳಲ್ಲಿ ನಡೆದ ಅಟೆಂಡ್ ಅಧ್ಯಯನದ ಬಗ್ಗೆ ಹೇಳಿದೆ. ಮನೆಯವರಿಗೇ ತರಬೇತಿ ಕೊಟ್ಟು ವ್ಯಾಯಾಮ ಮಾಡಿಸಿ ನೋಡಿದ್ದರು. ಆರು ತಿಂಗಳಿಗೆ ಪರಾವಲಂಬನೆಯಲ್ಲಾಗಲಿ ಸಾವಿನಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ ಅಂತ 2017ರಲ್ಲಿ ಪ್ರಕಟವಾಯಿತು. “ಹಾಗಾದ್ರೆ ನಾನು ಮಾಡ್ತಿರೋದೆಲ್ಲ ದಂಡನಾ?” ಅಂದುಬಿಟ್ಟರು. ಎದೆ ಧಸಕ್ಕೆಂದಿತು. ಹಾಗಲ್ಲ, ತರಬೇತಿ ಸಿಗದ ಮನೆಗಳಲ್ಲೂ ನಿಮ್ಮಂಥವರು ನೋಡಿಕೊಳ್ಳುತ್ತಲೇ ಇದ್ದರು, ಆ ತರಬೇತಿಯಿಂದ ಹೆಚ್ಚೇನು ಸಿಕ್ಕಿತು ಅನ್ನೋದಷ್ಟೇ ಪ್ರಶ್ನೆ ಅಂತ ಬಿಡಿಸಿ ಹೇಳುವಷ್ಟರಲ್ಲಿ ಕಾಫಿ ಆರಿತ್ತು.

ಸ್ಕಾಟ್‌ಲೆಂಡಿನಲ್ಲಿ ರೋಗಿಗಳು, ಮನೆಯವರು, ಚಿಕಿತ್ಸಕರು ಒಟ್ಟಿಗೆ ಕೂತು ಸಂಶೋಧನೆ ಯಾವುದರ ಮೇಲೆ ಆಗಬೇಕು ಅಂತ ಪಟ್ಟಿ ಮಾಡಿದ್ದರು. 2012ರಲ್ಲಿ ಬಂತು. ಮೊದಲ ಸ್ಥಾನ ಕೈಗೂ ಅಲ್ಲ, ಕಾಲಿಗೂ ಅಲ್ಲ. ನೆನಪು, ಯೋಚನೆಯ ತೊಂದರೆಗೆ. ಮಾತು ಹೋಗುವುದು, ಸುಸ್ತು ಕೂಡ ಆ ಪಟ್ಟಿಯಲ್ಲಿವೆ. ಇದನ್ನೂ ಆಕೆಗೆ ಹೇಳಿದೆ. ಸುಸ್ತು ಅಂದಾಗ ಆಕೆ ಗಂಡನ ಕಡೆ ನೋಡಿದರು. “ಅಪ್ಪ ಸೋಮಾರಿ ಆಗಿದ್ದಾರೆ ಅಂತ ಮಗ ಬೈತಾನೆ.”

ಈಗ ಯಾವ ಮನೆಗೆ ಹೋದರೂ ಫಾರಂ ತೆಗೆಯುವ ಮೊದಲು ಇಬ್ಬರನ್ನೂ ಬೇರೆಬೇರೆಯಾಗಿ ಕೇಳುತ್ತೇನೆ. ನಮ್ಮ ಅಧ್ಯಯನದ ವರದಿ ಇಂಗ್ಲಿಷಿನಲ್ಲಿ ಬಂತು. ಪರೀಕ್ಷೆ ಮಾಡಿಸಿಕೊಂಡವರಿಗೆ ಫಲಿತಾಂಶ ತಿಳಿಸುವ ಏರ್ಪಾಡು ಇರಲಿಲ್ಲ. ನಾನೇ ಶ್ರೀನಗರಕ್ಕೆ ಫೋನ್ ಮಾಡಿ ಕನ್ನಡದಲ್ಲಿ ಹೇಳತೊಡಗಿದೆ. ಆಕೆ ಸ್ವಲ್ಪ ಕೇಳಿಸಿಕೊಂಡು, “ಅದಿರ್ಲಿ ಮೇಡಂ, ಅವತ್ತು ನೀವು ಇವರ ಸೊಂಟಕ್ಕೆ ಬೆಲ್ಟ್ ಕಟ್ಟಿ ಎಬ್ಬಿಸಬೇಕು, ಸೋತ ಕೈ ಹಿಡಿದು ಎಳೀಬಾರದು ಅಂದ್ರಲ್ಲ, ಒಂದ್ಸಲ ಬಂದು ತೋರಿಸಿಕೊಡ್ತೀರಾ?” ಅಂದರು.